ಕೆಲಸ ಮುಂದೂಡುವ ಮಕ್ಕಳನ್ನು ಬೈಯುವ ಮೊದಲು: ಶಿಕ್ಷಣ ಇಲಾಖೆಗೂ ಪಾಲಕರಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಕಾರವಾರ ಮತ್ತು ಶಿರಸಿ ಶೈಕ್ಷಣಿಕ ಜಿಲ್ಲೆಗಳು;
ಉತ್ತರ ಕನ್ನಡದ ಎಲ್ಲ ಪ್ರೌಢಶಾಲೆಗಳ ಮುಖ್ಯಾಧ್ಯಾಪಕರು, ಎಸ್‌ಡಿಎಂಸಿ ಸದಸ್ಯರು ಹಾಗೂ ಪಾಲಕರು

ಮಾನ್ಯರೇ,

ನಮ್ಮ ಜಿಲ್ಲೆಯಲ್ಲಿ ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಹೊಸ ಪಟ್ಟಿಗಳಿಗೆ (ನೋಟ್‌ಬುಕ್‌ಗಳಿಗೆ) ಬೈಂಡ್ ಹಾಕಿಕೊಂಡು ಹತ್ತನೇ ತರಗತಿಗೆ ಕಾಲಿಡುವ ಮಗುವಿನ ಬಗ್ಗೆ ಜೂನ್ ತಿಂಗಳಲ್ಲಿ ಯಾರಿಗೂ ಅಷ್ಟಾಗಿ ಚಿಂತೆಯಿರುವುದಿಲ್ಲ. ಚಿಂತೆ ಹತ್ತಿಕೊಳ್ಳುವುದು ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಕೈಗೆ ಬಂದ ಮೇಲೆ. ಅಲ್ಲಿಂದ ಮುಂದೆ ಶಾಲೆಯಲ್ಲಿ ವಿಶೇಷ ತರಗತಿ, ಮನೆಯಲ್ಲಿ ಬೈಗುಳ. ಸೋಮಾರಿ, ಮೈಗಳ್ಳ, ಮೊಬೈಲ್ ಹುಚ್ಚು ಎಂಬ ಮೂರು ಮಾತಿನಲ್ಲಿ ಮಗುವಿನ ಇಡೀ ವರ್ಷದ ಲೆಕ್ಕ ಮುಗಿದುಹೋಗುತ್ತದೆ.

ಹದಿಹರೆಯದವರ ಓದಿನ ಜೊತೆ ದಿನವೂ ಕೆಲಸ ಮಾಡುವ ಶಿಕ್ಷಕರು ಮತ್ತು ಆಪ್ತ ಸಲಹೆಗಾರರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಮಕ್ಕಳು ಕೆಲಸ ಮುಂದೂಡುವುದಕ್ಕೆ ಕಾರಣ ಅವರ ಸ್ವಭಾವಕ್ಕಿಂತ ಹೆಚ್ಚಾಗಿ ನಾವು ಕೊಡುವ ಕೆಲಸದ ಆಕಾರದಲ್ಲಿದೆ. ಕೆಲಸ ಕೊಡುವ ರೀತಿ, ಅದನ್ನು ನೋಡುವ ರೀತಿ, ಮನೆಯಲ್ಲಿ ಅದರ ಬಗ್ಗೆ ಆಡುವ ಮಾತು ಈ ಮೂರನ್ನು ಬದಲಿಸಿದರೆ ಬಹುಪಾಲು ಮಕ್ಕಳು ಹೊತ್ತಿಗೆ ಸರಿಯಾಗಿ ಶುರು ಮಾಡುತ್ತಾರೆ. ಇದಕ್ಕೆ ಅನುದಾನ ಬೇಕಿಲ್ಲ. ಒಂದು ಸುತ್ತೋಲೆ, ಶಿಕ್ಷಕರ ಕೊಠಡಿಯ ಗೋಡೆಗೊಂದು ಕ್ಯಾಲೆಂಡರ್, ಪ್ರತಿ ತರಗತಿಯ ಕೊನೆಯಲ್ಲಿ ಹತ್ತು ನಿಮಿಷ ಇದ್ದರೆ ಸಾಕು.

ಮೊದಲು ರೋಗ ಯಾವುದೆಂದು ನೋಡೋಣ. ಕೆಲಸ ಮುಂದೂಡುವ ಮಗು ಸುಮ್ಮನೆ ಕೂತಿರುವುದಿಲ್ಲ. ವಿಜ್ಞಾನದ ಪ್ರಶ್ನೋತ್ತರ ಬರೆಯಬೇಕಾದ ಹುಡುಗಿ ಆ ಹೊತ್ತಿಗೇ ಕಪಾಟು ಒಪ್ಪ ಮಾಡುತ್ತಾಳೆ, ಇದ್ದಬದ್ದ ಪೆನ್ಸಿಲ್‌ಗಳನ್ನೆಲ್ಲ ಚೂಪು ಮಾಡುತ್ತಾಳೆ, ಕರೆಯದಿದ್ದರೂ ಅಡುಗೆಮನೆಗೆ ಹೋಗಿ ಕಾಯಿ ತುರಿದುಕೊಡುತ್ತಾಳೆ. ಸೋಮಾರಿಗೆ ಇಷ್ಟೆಲ್ಲ ಚಟುವಟಿಕೆ ಎಲ್ಲಿಂದ ಬರಬೇಕು? ಅವಳು ತಪ್ಪಿಸಿಕೊಳ್ಳುತ್ತಿರುವುದು ದುಡಿಮೆಯಿಂದಲ್ಲ, ಆ ಪಟ್ಟಿ ತೆರೆದಾಗ ಎದೆಯಲ್ಲಿ ಏಳುವ ಕಸಿವಿಸಿಯಿಂದ. ಅರ್ಥವಾಗಲಿಕ್ಕಿಲ್ಲ, ತಪ್ಪಾದೀತು, ಎಲ್ಲಿಂದ ಶುರು ಮಾಡುವುದೋ ತಿಳಿಯದು ಎಂಬ ಕಸಿವಿಸಿ ಅದು. ‘ಕಡೆಗೆ ಮಾಡ್ತೆ’ (ಆಮೇಲೆ ಮಾಡುತ್ತೇನೆ) ಎಂದ ಕೂಡಲೇ ಅದು ಇಳಿಯುತ್ತದೆ. ಹೀಗೆ ಇಳಿದ ಸಮಾಧಾನವೇ ಬಹುಮಾನವಾಗಿ, ಮರುದಿನ ಮುಂದೂಡುವುದು ಇನ್ನೂ ಸಲೀಸಾಗುತ್ತದೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಟಿಮೊತಿ ಪಿಚಿಲ್, ಮನಶ್ಶಾಸ್ತ್ರಜ್ಞೆ ಫ್ಯೂಶಿಯಾ ಸಿರ್ವಾ ಮೊದಲಾದವರು ವರ್ಷಗಟ್ಟಲೆ ಅಭ್ಯಾಸ ಮಾಡಿ ಹೇಳಿದ್ದು ಇದನ್ನೇ. ಮುಂದೂಡುವುದನ್ನು ಸಮಯ ನಿರ್ವಹಣೆಯ ತೊಂದರೆ ಎಂದಷ್ಟೇ ನೋಡಿದರೆ ಸಾಲದು, ಮೂಲದಲ್ಲಿ ಅದು ಭಾವನೆಯನ್ನು ನಿಭಾಯಿಸುವ ತೊಂದರೆ.

ಆದ್ದರಿಂದಲೇ ಬೈಗುಳ ನಾಟುವುದಿಲ್ಲ. ಕೆಲಸದ ಸುತ್ತ ಮೊದಲೇ ಕಸಿವಿಸಿಯಿದೆ, ಬೈದಾಗ ಅದು ದುಪ್ಪಟ್ಟಾಗುತ್ತದೆ, ತಪ್ಪಿಸಿಕೊಳ್ಳುವ ಆಸೆಯೂ ದುಪ್ಪಟ್ಟಾಗುತ್ತದೆ.

ಪಿಯರ್ಸ್ ಸ್ಟೀಲ್ ಎಂಬ ಸಂಶೋಧಕರು 2007ರಲ್ಲಿ ಈ ವಿಷಯದ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ನನ್ನಿಂದ ಆದೀತು ಎಂಬ ಭರವಸೆ ಕಡಿಮೆಯಿದ್ದಷ್ಟೂ, ಕೆಲಸ ಬೇಸರದ್ದಾದಷ್ಟೂ, ಫಲ ಸಿಗುವ ದಿನ ದೂರವಿದ್ದಷ್ಟೂ, ಮನಸ್ಸು ಸೆಳೆತಕ್ಕೆ ಬೇಗ ಬೀಳುವಂಥದ್ದಾದಷ್ಟೂ ಮುಂದೂಡುವುದು ಹೆಚ್ಚು. ಹತ್ತನೇ ತರಗತಿಯ ಮಗುವಿಗೆ ಈ ನಾಲ್ಕೂ ಒಟ್ಟಿಗೇ ಗಂಟುಬಿದ್ದಿವೆ. ಜೂನ್‌ನಲ್ಲಿ ಮಾರ್ಚ್ ತಿಂಗಳ ಪರೀಕ್ಷೆ ಕಣ್ಣಿಗೆ ಕಾಣುವಷ್ಟು ಹತ್ತಿರ ಇರುವುದಿಲ್ಲ, ಕೈಯಲ್ಲಿ ಮೊಬೈಲ್ ಇರುತ್ತದೆ. ಯೋಜನೆ ಹಾಕುವ, ಸೆಳೆತವನ್ನು ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ಹರೆಯ ಅರ್ಧ ಕಳೆದ ಮೇಲೆ. ಹದಿನೈದರ ಮಗುವಿಗೆ ಇಪ್ಪತ್ತೈದರವರ ಸಂಯಮ ಇಲ್ಲವೆಂದು ಸಿಟ್ಟಾಗುವ ಬದಲು, ಆ ಸಂಯಮದ ಕೆಲಸವನ್ನು ಸ್ವಲ್ಪ ಕಾಲ ಶಾಲೆ ಮತ್ತು ಮನೆಯ ವ್ಯವಸ್ಥೆ ಹೊತ್ತುಕೊಳ್ಳಬೇಕು.

ಈಗ ಶಾಲೆಯ ಕೆಲಸಕ್ಕೆ ಬರುತ್ತೇವೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20, ಹೀಗೆ 125 ಅಂಕ ಆಂತರಿಕ ಮೌಲ್ಯಮಾಪನದ್ದು. ಮಗುವಿಗೆ ಕೆಲಸವನ್ನು ಹೊತ್ತಿಗೆ ಶುರು ಮಾಡಿ ಹಂತಹಂತವಾಗಿ ಮುಗಿಸುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಆದರೆ ಬಹಳ ಕಡೆ ನಡೆಯುವುದು ಬೇರೆಯೇ. ‘ಪರಿಸರದ ಬಗ್ಗೆ ಒಂದು ಯೋಜನೆ ಮಾಡಿ, ತಿಂಗಳ ಕೊನೆಗೆ ತನ್ನಿ’ ಎಂದು ಬೋರ್ಡಿನ ಮೇಲೆ ಬರೆಯಲಾಗುತ್ತದೆ. ಮೂರೂವರೆ ವಾರ ಏನೂ ಆಗುವುದಿಲ್ಲ. ಕೊನೆಯ ಸಂಜೆ ಅಪ್ಪ ಪೇಟೆಯ ಝೆರಾಕ್ಸ್ ಅಂಗಡಿಗೆ ಓಡುತ್ತಾರೆ, ಅಂತರ್ಜಾಲದಿಂದ ಎಂಟು ಪುಟ ಮುದ್ರಣವಾಗುತ್ತದೆ, ಅಮ್ಮ ಅಂಟಿಸುತ್ತಾರೆ, ಅಕ್ಕ ಶೀರ್ಷಿಕೆ ಬರೆಯುತ್ತಾಳೆ. ಬೆಳಿಗ್ಗೆ ಅದಕ್ಕೆ ಹತ್ತಕ್ಕೆ ಒಂಬತ್ತು ಅಂಕ ಬೀಳುತ್ತದೆ. ಪರಿಸರದ ಬಗ್ಗೆ ಮಗು ಏನೂ ಕಲಿಯಲಿಲ್ಲ. ಕೊನೆಯ ರಾತ್ರಿ ಸಾಕು ಎಂಬುದನ್ನು ಮಾತ್ರ ಚೆನ್ನಾಗಿ ಕಲಿಯಿತು.

ಅದೇ ಯೋಜನೆಯನ್ನು ಹೀಗೆ ಕೊಟ್ಟು ನೋಡಿ. ಕಾಳಿ ನದಿಯ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬಗ್ಗೆ ಕೆಲಸ ಎಂದಿಟ್ಟುಕೊಳ್ಳೋಣ. ಕೆಲಸ ಕೊಟ್ಟ ದಿನವೇ, ಅದೇ ತರಗತಿಯ ಕೊನೆಯ ಹತ್ತು ನಿಮಿಷದಲ್ಲಿ, ಮಗು ಪಟ್ಟಿಯಲ್ಲಿ ತನ್ನ ವಿಷಯವನ್ನು ಒಂದು ಸಾಲಿನಲ್ಲಿ, ತನಗೆ ಉತ್ತರ ಬೇಕಾದ ಮೂರು ಪ್ರಶ್ನೆಗಳನ್ನು ಮೂರು ಸಾಲಿನಲ್ಲಿ ಬರೆಯಬೇಕು. ಈ ಗಿಡದ ಬೇರು ಮಣ್ಣಿನಿಂದ ಮೇಲಕ್ಕೆ ಏಕೆ ಚಾಚಿದೆ? ಉಬ್ಬರದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ? ಮೀನು ಹಿಡಿಯುವವರಿಗೆ ಇದರಿಂದ ಏನು ಉಪಯೋಗ? ಶಿಕ್ಷಕರು ಸಹಿ ಹಾಕುತ್ತಾರೆ, 1 ಅಂಕ. ನಾಲ್ಕನೆಯ ದಿನ, ಎಲ್ಲಿಗೆ ಹೋಗಿ ನೋಡುವುದು, ಯಾರನ್ನು ಕೇಳುವುದು ಎಂಬ ಐದು ಸಾಲು, 1 ಅಂಕ. ಎಂಟನೆಯ ದಿನ, ಸ್ಥಳದಲ್ಲಿ ಬರೆದುಕೊಂಡ ಒಂದು ಪುಟ: ದಿನಾಂಕ, ಹೊತ್ತು, ಉಬ್ಬರವೋ ಇಳಿತವೋ, ಕಂಡದ್ದೇನು. ಕೆಸರು ಮೆತ್ತಿದ್ದರೂ ಚಿಂತೆಯಿಲ್ಲ, 3 ಅಂಕ. ಹನ್ನೆರಡನೆಯ ದಿನ ಎರಡು ಪುಟದ ಕಚ್ಚಾ ಪ್ರತಿ, 3 ಅಂಕ. ಹದಿನೈದನೆಯ ದಿನ ಶುದ್ಧ ಪ್ರತಿ, 2 ಅಂಕ. ಚಂದದ ಪ್ರತಿಗೆ ಎರಡೇ ಅಂಕ ಇಟ್ಟದ್ದು ಬೇಕೆಂದೇ. ಎಂಟು ಅಂಕ ಆ ಹೊತ್ತಿಗಾಗಲೇ ತೀರ್ಮಾನವಾಗಿರುವುದರಿಂದ ಕೊನೆಯ ರಾತ್ರಿಯ ಓಟಕ್ಕೆ ಗಿಟ್ಟುವುದೇನೂ ಉಳಿಯುವುದಿಲ್ಲ. ಅಡಿಕೆ ತೋಟದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಕೊನೆ (ಅಡಿಕೆಯ ಗೊನೆ) ಬಲಿತ ಹಾಗೆ ಮೊದಲ ಕೊಯ್ಲು, ಎರಡನೇ ಕೊಯ್ಲು ಎಂದು ಇಳಿಸುತ್ತಾರೆಯೇ ಹೊರತು ಇಡೀ ತೋಟವನ್ನು ಕೊನೆಗೊಂದೇ ದಿನಕ್ಕೆ ಇಟ್ಟುಕೊಳ್ಳುವುದಿಲ್ಲ.

ಇದು ಎಲ್ಲಿ ಕೆಡುತ್ತದೆ ಎಂಬುದನ್ನೂ ಹೇಳಬೇಕು. ಎರಡನೆಯ ಹಂತದ ಸಹಿಯನ್ನು ಶಿಕ್ಷಕರು ‘ನಾಳೆ ನೋಡುತ್ತೇನೆ’ ಎಂದು ಬಿಟ್ಟರೆ ಅಲ್ಲಿಗೇ ಮುಗಿಯಿತು. ಯಾರೂ ನೋಡದ ಹಂತ ಬರೀ ತಾರೀಕು, ಮಕ್ಕಳಿಗೆ ಅದು ಒಂದೇ ಸಲಕ್ಕೆ ಗೊತ್ತಾಗುತ್ತದೆ. ಸಹಿ ಎಂದರೆ ತಿದ್ದುವುದಲ್ಲ, ಬರೆದಿದೆಯೋ ಇಲ್ಲವೋ ನೋಡುವುದು. ಒಂದು ಪಟ್ಟಿಗೆ ಹತ್ತು ಸೆಕೆಂಡಿನಂತೆ ನಲವತ್ತು ಮಕ್ಕಳಿಗೆ ಏಳು ನಿಮಿಷ ಸಾಕು. ಮೊದಲ ಹಂತವೇ ಭಾರವಾದರೂ ಕೆಡುತ್ತದೆ. ‘ಪೀಠಿಕೆ ಬರೆದು ತನ್ನಿ’ ಎಂಬುದು ಮೊದಲ ಹೆಜ್ಜೆಯಲ್ಲ, ಪೀಠಿಕೆ ಬರೆಯುವುದು ಎಲ್ಲಕ್ಕಿಂತ ಕಷ್ಟ. ಒಂದು ಹಂತ ತಪ್ಪಿಸಿದ ಮಗುವಿಗೆ ಆ ಹಂತದ ಅಂಕ ಮಾತ್ರ ಹೋಗಬೇಕು, ಮುಂದಿನ ಬಾಗಿಲು ತೆರೆದೇ ಇರಬೇಕು. ‘ಮೊದಲನೆಯದನ್ನೇ ಕೊಟ್ಟಿಲ್ಲ, ಇನ್ನೇನು’ ಎಂದು ಮಗು ಪೂರ್ತಿ ಕೈಬಿಡುವುದು ಬಹಳ ಸಾಮಾನ್ಯ. ಇನ್ನೊಂದು: ಆರು ವಿಷಯದ ಶಿಕ್ಷಕರೂ ಶುಕ್ರವಾರಕ್ಕೇ ಗಡುವು ಕೊಟ್ಟರೆ ಎಂಥ ಶಿಸ್ತಿನ ಮಗುವಿಗೂ ಆಗುವುದಿಲ್ಲ. ಶಿಕ್ಷಕರ ಕೊಠಡಿಯ ಗೋಡೆಗೆ ಕ್ಯಾಲೆಂಡರ್ ಬೇಕು ಎಂದದ್ದು ಇದಕ್ಕೇ. ಒಂದು ತರಗತಿಗೆ ವಾರದಲ್ಲಿ ಎರಡಕ್ಕಿಂತ ಹೆಚ್ಚು ಗಡುವು ಬೀಳಬಾರದು. ಮೊದಲು ಬರೆದವರಿಗೆ ಆ ದಿನ, ಉಳಿದವರು ಬೇರೆ ದಿನ ಹುಡುಕಿಕೊಳ್ಳಲಿ.

ದಿನದ ಮನೆಗೆಲಸಕ್ಕೂ (ಹೋಮ್‌ವರ್ಕಿಗೂ) ಇದೇ ಕ್ರಮ. ಎಂಟು ಲೆಕ್ಕ ಕೊಟ್ಟರೆ ಮೊದಲನೆಯದನ್ನು ಗಂಟೆ ಬಾರಿಸುವ ಮೊದಲು ತರಗತಿಯಲ್ಲೇ ಶುರು ಮಾಡಿಸಬೇಕು. ಅರ್ಧ ಮಾಡಿಟ್ಟ ಲೆಕ್ಕದ ಪಟ್ಟಿಯನ್ನು ರಾತ್ರಿ ತೆರೆಯುವುದು ಖಾಲಿ ಪುಟ ತೆರೆಯುವುದಕ್ಕಿಂತ ಎಷ್ಟೋ ಸುಲಭ.

ಇಲಾಖೆ ಕೂಡಲೇ ನಿಲ್ಲಿಸಬೇಕಾದ ಒಂದು ಪದ್ಧತಿಯಿದೆ. ರಾತ್ರಿ ಎಂಟಕ್ಕೆ ವಾಟ್ಸಾಪ್ ಗುಂಪಿನಲ್ಲಿ ಮನೆಗೆಲಸ ಹಾಕುವುದು. ಕೋವಿಡ್ ಕಾಲದಲ್ಲಿ ಅನಿವಾರ್ಯವಾಗಿದ್ದುದು ಆಮೇಲೆ ರೂಢಿಯಾಗಿ ಉಳಿದುಬಿಟ್ಟಿದೆ. ಪ್ರಶ್ನೆ ನೋಡಲು ಮೊಬೈಲ್ ಬೇಕು, ಮೊಬೈಲ್ ತೆಗೆದರೆ ಪ್ರಶ್ನೆಯ ಪಕ್ಕದಲ್ಲೇ ರೀಲ್ಸ್. ‘ಮೊಬೈಲ್ ಮುಟ್ಟಬೇಡ’ ಎಂದು ಹೇಳುವ ಶಾಲೆಯೇ ಮೊಬೈಲನ್ನು ಓದಿನ ಬಾಗಿಲಲ್ಲಿ ಕೂರಿಸಿದ ಹಾಗಾಯಿತು. ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾದ ಜೋಯಿಡಾ, ಸಿದ್ದಾಪುರದ ಊರುಗಳ ಮಕ್ಕಳಿಗಂತೂ ‘ಪ್ರಶ್ನೆ ಬರಲಿಲ್ಲ’ ಎಂಬ ನಿಜವಾದ ಕಾರಣವೂ ಸಿಗುತ್ತದೆ. ಮನೆಗೆಲಸ ಬೋರ್ಡಿನ ಮೇಲಿರಲಿ, ಮಗು ಅದನ್ನು ಡೈರಿಯಲ್ಲಿ ಕೈಯಾರೆ ಬರೆದುಕೊಳ್ಳಲಿ. ಗುಂಪು ಪಾಲಕರಿಗೆ ರಜೆ, ಸಭೆಯ ಸುದ್ದಿ ತಿಳಿಸಲು ಇದ್ದರೆ ಸಾಕು.

ಇನ್ನು ಪಾಲಕರಿಗೆ.

ಮಗು ಸ್ಕೆಚ್ ಪೆನ್ನಿನಲ್ಲಿ ಬರೆದು ಗೋಡೆಗಂಟಿಸಿದ ವೇಳಾಪಟ್ಟಿ ನಿಮ್ಮ ಮನೆಯಲ್ಲೂ ಇದ್ದೀತು. ಬೆಳಿಗ್ಗೆ ನಾಲ್ಕೂವರೆಯಿಂದ ರಾತ್ರಿ ಹತ್ತೂವರೆಯವರೆಗೆ, ಉಸಿರಾಡಲೂ ಬಿಡುವಿಲ್ಲದಂತೆ. ಇಂಥದ್ದು ಎರಡು ದಿನ ನಡೆದರೆ ಹೆಚ್ಚು. ಮೂರನೆಯ ದಿನ ಒಂದು ಚೌಕ ತಪ್ಪುತ್ತದೆ, ಇಡೀ ವೇಳಾಪಟ್ಟಿ ಸುಳ್ಳಾಗುತ್ತದೆ. ಕೆಲಸಕ್ಕೆ ಹಿಡಿಯುವ ಸಮಯವನ್ನು ಕಡಿಮೆ ಅಂದಾಜು ಮಾಡುವುದು ದೊಡ್ಡವರಲ್ಲೂ ಇದೆ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪದವಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 33.9 ದಿನದಲ್ಲಿ ಮುಗಿದೀತು ಎಂದರು, ಹಿಡಿದದ್ದು 55.5 ದಿನ. ಹಾಗಾಗಿ ಮಗು ಹೇಳಿದ ಹೊತ್ತಿಗೆ ಅರ್ಧದಷ್ಟನ್ನು ಸೇರಿಸಿಯೇ ಲೆಕ್ಕ ಹಾಕಿ.

ನಿಜವಾಗಿ ಎಷ್ಟು ಹೊತ್ತು ಸಿಗುತ್ತದೆ? ಶಾಲೆ ಬಿಡುವುದು ನಾಲ್ಕೂವರೆಗೆ. ಬಸ್ಸಿಗೆ ಕಾದು, ಇಳಿದ ಮೇಲೆ ನಡೆದು ಮನೆ ಮುಟ್ಟುವಾಗ ಆರು ದಾಟುತ್ತದೆ. ತಿಂಡಿ, ಸ್ನಾನ, ಊಟ ಕಳೆದರೆ ಓದಿಗೆ ಉಳಿಯುವುದು ಒಂದೂವರೆ, ಎರಡು ಗಂಟೆ. ಅದರಲ್ಲಿ 25 ನಿಮಿಷದ ಮೂರು ಸುತ್ತು, ನಡುವೆ ಐದೈದು ನಿಮಿಷ ಬಿಡುವು. ಒಟ್ಟು 85 ನಿಮಿಷ. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ಅಡುಗೆಮನೆಯ ಟೊಮೆಟೊ ಆಕಾರದ ಗಡಿಯಾರ ಇಟ್ಟುಕೊಂಡು ಕಂಡುಕೊಂಡ ಕ್ರಮ ಇದು. ತೀರಾ ಹಿಂದೆ ಬಿದ್ದ ಮಗುವಿಗೆ 25 ನಿಮಿಷವೂ ಹೆಚ್ಚು, ಹತ್ತರಿಂದ ಶುರು ಮಾಡಿ ವಾರಕ್ಕೆ ಐದೈದು ನಿಮಿಷ ಏರಿಸಿ. ಗೋಡೆ ಗಡಿಯಾರವೋ ಅಲಾರಾಂ ಗಡಿಯಾರವೋ ಇರಲಿ, ಮೊಬೈಲಿನ ಟೈಮರ್ ಬೇಡ. ಬಿಡುವಿನಲ್ಲಿ ನೀರು ಕುಡಿಯಲಿ, ಅಂಗಳಕ್ಕೆ ಹೋಗಿ ಬರಲಿ. ಮೊಬೈಲ್ ಹಿಡಿದರೆ ಐದು ನಿಮಿಷ ಐವತ್ತಾಗುತ್ತದೆ, ಅಲ್ಲಿಗೆ ಆ ಸಂಜೆ ಹೋಯಿತು. ಮೊದಲ ಸುತ್ತಿಗೆ ಎಲ್ಲಕ್ಕಿಂತ ಬೇಡವಾದ ವಿಷಯ ಇರಬೇಕು, ಆದರೆ ಅದರ ಚಿಕ್ಕ ತುಂಡು. ಗಣಿತಕ್ಕೆ ಹೆದರುವ ಮಗುವಿಗೆ ಸಮಾಂತರ ಶ್ರೇಢಿಯ ಮೂರು ಲೆಕ್ಕ, ಇಡೀ ಅಧ್ಯಾಯವಲ್ಲ.

‘ಓದು’ ಎಂಬ ಮಾತಿನಲ್ಲೇ ಒಂದು ತೊಂದರೆಯಿದೆ. ಅದಕ್ಕೆ ಆದಿಯಿಲ್ಲ, ಅಂತ್ಯವಿಲ್ಲ, ಮುಗಿಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಮುಗಿಯದ ಕೆಲಸವನ್ನು ಯಾರೂ ಉತ್ಸಾಹದಿಂದ ಶುರು ಮಾಡುವುದಿಲ್ಲ. ಬದಲಿಗೆ, ಎರಡು ಪುಟ ಓದಿ ಪುಸ್ತಕ ಮುಚ್ಚಿ ನೆನಪಿದ್ದ ಐದು ಅಂಶ ಬರೆ, ಆಮೇಲೆ ತೆರೆದು ತಾಳೆ ನೋಡು ಎಂದರೆ ಕೆಲಸಕ್ಕೆ ಅಂಚು ಸಿಗುತ್ತದೆ. ನೆನಪಿಗೂ ಇದೇ ಒಳ್ಳೆಯದು. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ ಒಂದೇ ಪಾಠವನ್ನು ನಾಲ್ಕು ಸಲ ಓದಿದವರಿಗೆ ವಾರದ ನಂತರ ಸುಮಾರು ಶೇ 40 ನೆನಪಿತ್ತು. ಒಂದೇ ಸಲ ಓದಿ ಮೂರು ಸಲ ನೋಡದೆ ಬರೆದವರಿಗೆ ಸುಮಾರು ಶೇ 61.

ಎಲ್ಲಕ್ಕಿಂತ ಕಡಿಮೆ ಖರ್ಚಿನ, ಚೆನ್ನಾಗಿ ಪರೀಕ್ಷೆಗೊಳಪಟ್ಟ ಉಪಾಯ ಒಂದು ವಾಕ್ಯ. ಜರ್ಮನ್ ಮೂಲದ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಅದನ್ನು ರೂಪಿಸಿದರು. ಇಂಥದ್ದು ಆದ ಕೂಡಲೇ ಇಂಥಲ್ಲಿ ಇಂಥ ಕೆಲಸ ಎಂಬ ವಾಕ್ಯ. 2006ರಲ್ಲಿ 94 ಪರೀಕ್ಷೆಗಳನ್ನು ಒಟ್ಟಿಗೆ ನೋಡಿದಾಗ ಅದರ ಪರಿಣಾಮ ಮಧ್ಯಮಕ್ಕಿಂತ ಮೇಲೆಯೇ ಇತ್ತು. ‘ಸಂಜೆ ಗಣಿತ ಮಾಡುತ್ತೇನೆ’ ಎಂಬುದು ಬರೀ ಆಸೆ. ‘ಚಹಾ ಕುಡಿದು ಲೋಟ ತೊಳೆದಿಟ್ಟ ಕೂಡಲೇ ಜಗಲಿಯ ಮೇಜಿನಲ್ಲಿ ಕೂತು ಮೊದಲ ಲೆಕ್ಕದ ದತ್ತಾಂಶ ಬರೆಯುತ್ತೇನೆ’ ಎಂಬುದು ಯೋಜನೆ. ಲೋಟ ಕೆಳಗಿಟ್ಟದ್ದೇ ಕರೆಗಂಟೆಯಾಗುವುದರಿಂದ ಆಗ ಮನಸ್ಸು ಚೌಕಾಸಿಗೆ ಇಳಿಯುವುದಿಲ್ಲ. ಅಡ್ಡಿಗೂ ಒಂದು ವಾಕ್ಯ ಇರಲಿ: ‘ಕರೆಂಟು ಹೋದರೆ, ಕೂತಲ್ಲೇ ಕನ್ನಡ ಪದ್ಯ ಬಾಯಿಪಾಠ ಹೇಳುತ್ತೇನೆ.’ ವಾಕ್ಯವನ್ನು ಗಡಿಯಾರಕ್ಕೆ ಕಟ್ಟಬೇಡಿ, ನಡೆಯುವ ಘಟನೆಗೆ ಕಟ್ಟಿ. ಬಸ್ಸು ಅರ್ಧ ಗಂಟೆ ತಡವಾದರೆ ಆರೂವರೆಯ ಯೋಜನೆ ಸತ್ತುಹೋಗುತ್ತದೆ, ಚಹಾದ ಯೋಜನೆ ಸಾಯುವುದಿಲ್ಲ. ಒಂದೇ ಸಲಕ್ಕೆ ಆರು ವಾಕ್ಯ ಬೇಡ, ಒಂದು ನೆಲೆಗೊಂಡ ಮೇಲೆ ಇನ್ನೊಂದು. ಬರೆಯಬೇಕಾದದ್ದು ಮಗು, ನೀವಲ್ಲ.

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಭಾಷಣಗಳಲ್ಲಿ ಹೇಳುವುದನ್ನು ನಂಬಬೇಡಿ. 2010ರಲ್ಲಿ ಪ್ರಕಟವಾದ ಲಂಡನ್‌ನ ಅಧ್ಯಯನವೊಂದರಲ್ಲಿ ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಹಿಡಿದದ್ದು ಸುಮಾರು 66 ದಿನ. ಕೆಲವರಿಗೆ 18 ಸಾಕಾಯಿತು, ಕೆಲವರ ಲೆಕ್ಕ 254ಕ್ಕೆ ಹೋಯಿತು. ಜೂನ್ 15ಕ್ಕೆ ಶುರು ಮಾಡಿದರೆ 66ನೆಯ ದಿನ ಬರುವುದು ಆಗಸ್ಟ್ 19ಕ್ಕೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡಲಿಲ್ಲ ಎಂಬುದನ್ನೂ ಆ ಅಧ್ಯಯನ ತೋರಿಸಿತು. ಇಪ್ಪತ್ತೆರಡನೆಯ ದಿನ ‘ಇನ್ನೂ ಬುದ್ಧಿ ಬಂದಿಲ್ಲ’ ಎಂದು ಕೈಚೆಲ್ಲುವ ಪಾಲಕರು ಇದನ್ನು ನೆನಪಿಡಬೇಕು.

ಮಗು ಕೂತು ಕೆಲಸ ಮಾಡುವಾಗ ಎದುರಿಗೆ ಕೂತು ಪುಸ್ತಕ ಇಣುಕಬೇಡಿ. ಪಕ್ಕದಲ್ಲಿ ಕೂತು ನಿಮ್ಮ ಕೆಲಸ ನೀವು ಮಾಡಿ. ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಅಪ್ಪ ಮನೆಯಲ್ಲೇ ಬಲೆ ಸರಿಪಡಿಸುವ ಆ ಎರಡು ತಿಂಗಳು ಈ ಅಭ್ಯಾಸ ಹಿಡಿಸಲು ಹೇಳಿ ಮಾಡಿಸಿದ ಕಾಲ. ಘಟ್ಟದ ಮೇಲೆ ಅಡಿಕೆ ಸುಲಿಯುವಾಗಲೂ ಅಷ್ಟೇ. ದೊಡ್ಡವರೊಬ್ಬರು ಪಕ್ಕದಲ್ಲಿ ಮೌನವಾಗಿ ಕೈಕೆಲಸದಲ್ಲಿ ತೊಡಗಿದ್ದರೆ ಹದಿಹರೆಯದವರು ಎದ್ದುಹೋಗುವುದು ಕಡಿಮೆಯಾದೀತು. ಆದರೆ ಸುಲಿಯುವ ಕೆಲಸಕ್ಕೆ ಮಗುವನ್ನೂ ಕೂರಿಸಿಕೊಂಡು, ಆಮೇಲೆ ಓದಲಿಲ್ಲ ಎಂದು ಬೈಯುವುದು ನ್ಯಾಯವಲ್ಲ. ಕೊಯ್ಲಿನ ಸುಗ್ಗಿ ನವೆಂಬರ್‌ನಿಂದ ಫೆಬ್ರವರಿ, ಸರಿಯಾಗಿ ಓದು ಬಿಗಿಯಾಗುವ ಕಾಲ. ಮಗುವಿನಿಂದ ಎಷ್ಟು ಹೊತ್ತಿನ ಸಹಾಯ ಬೇಕು ಎಂಬುದನ್ನು ಮೊದಲೇ ಮಾತಾಡಿಕೊಂಡು, ಆ ಮಿತಿಯನ್ನು ದೊಡ್ಡವರೇ ಪಾಲಿಸಬೇಕು.

ನಮ್ಮ ಜಿಲ್ಲೆಯ ಕ್ಯಾಲೆಂಡರ್ ಬೇರೆಯದೇ ಎಂಬುದನ್ನು ಇಲಾಖೆಯೂ ಗಮನಿಸಲಿ. ಜುಲೈನಲ್ಲಿ ಮಳೆ ರಜೆ ಹಿಂದಿನ ರಾತ್ರಿಯೋ ಬೆಳಗಿನ ಜಾವವೋ ಘೋಷಣೆಯಾಗುತ್ತದೆ, ಆ ದಿನ ಯಾವ ಓದಿಗೂ ಸೇರದೆ ಹೋಗುತ್ತದೆ. ಪ್ರತಿ ಮಗುವಿನ ಪಟ್ಟಿಯ ಕೊನೆಯ ಪುಟದಲ್ಲಿ ಮಳೆ ರಜೆಗೆಂದೇ ಐದು ಸಣ್ಣ ಕೆಲಸಗಳ ಯಾದಿ ಇರಲಿ, ಒಂದೊಂದೂ ಅರ್ಧ ಗಂಟೆಯದು, ಕರೆಂಟು ಮತ್ತು ಮೊಬೈಲ್ ಎರಡೂ ಬೇಡದ್ದು: ಭೂಪಟದಲ್ಲಿ ಗುರುತಿಸುವುದು, ಚಿತ್ರ ಬಿಡಿಸಿ ಭಾಗ ಹೆಸರಿಸುವುದು, ಇಂಗ್ಲಿಷ್ ಪತ್ರದ ನಮೂನೆ ಬರೆಯುವುದು. ಚೌತಿಯ ವಾರ ಗಡುವು ಬೇಡ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಪರೀಕ್ಷೆಯ ಹೊಸ್ತಿಲಿಗೇ ಬರುತ್ತದೆ. ಜಾತ್ರೆಗೆ ಹೋಗಬೇಡ ಎಂದರೆ ಮಗು ಮನೆಯಲ್ಲಿದ್ದೂ ಓದುವುದಿಲ್ಲ. ಯಾವ ದಿನ ಹೋಗುವುದು, ಎಷ್ಟು ಹೊತ್ತಿಗೆ ವಾಪಸು ಎಂದು ಮೊದಲೇ ಗೊತ್ತುಮಾಡಿ ಸಂತೋಷದಿಂದ ಕಳಿಸಿ.

ಮುಂದೂಡುವವರಲ್ಲಿ ಹೆಚ್ಚು ಅಂಕ ತೆಗೆಯುವ ಮಕ್ಕಳೂ ಇದ್ದಾರೆ, ಅವರ ಕಷ್ಟ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅಂಥ ಮಗುವಿನ ಪಟ್ಟಿ ತೆರೆದು ನೋಡಿ. ಮೊದಲ ಪುಟದಲ್ಲಿ ಮೂರು ಬಣ್ಣದ ಶೀರ್ಷಿಕೆ, ಸ್ಕೇಲಿಟ್ಟು ಎಳೆದ ಅಂಚು, ಮುತ್ತಿನಂಥ ಅಕ್ಷರ. ಎರಡನೆಯ ಪುಟದಲ್ಲಿ ಒಂದು ಪದ ತಪ್ಪಾಗಿ ಇಡೀ ಹಾಳೆ ಹರಿದ ಗುರುತು. ಮೂರನೆಯದು ಖಾಲಿ. ಚೊಕ್ಕವಾಗಿ ಮಾಡಲು ಆಗದಿದ್ದರೆ ಮಾಡುವುದೇ ಬೇಡ ಎಂಬ ಭಯ ಅದು. ಈ ಮಕ್ಕಳಿಗೆ ‘ಇನ್ನೂ ಚೆನ್ನಾಗಿ ಮಾಡು’ ಎನ್ನುವುದು ವಿಷ. ಒಂದು ಮಗ್ಗುಲು ಬಳಸಿದ ಹಾಳೆ ಕೊಟ್ಟು, ಅಳಿಸುವ ರಬ್ಬರ್ ತೆಗೆದಿಟ್ಟು, ಹದಿನೈದು ನಿಮಿಷದಲ್ಲಿ ಹೇಗಾದರೂ ಸರಿ ಪೂರ್ತಿ ಬರೆ ಎನ್ನಿ. ಕಚ್ಚಾ ಪ್ರತಿಗೆ ಮೂರು ಅಂಕ ಇರಲಿ ಎಂದು ನಾವು ಒತ್ತಾಯಿಸುವುದು ಇವರಿಗಾಗಿಯೂ ಹೌದು.

ನಿದ್ದೆಯ ವಿಷಯ ಚಿಕ್ಕದಾಗಿ ಹೇಳುತ್ತೇವೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾ ವೈದ್ಯರ ಶಿಫಾರಸು. ಈ ವಯಸ್ಸಿನಲ್ಲಿ ನಿದ್ದೆ ಬರುವ ಹೊತ್ತೇ ಸಹಜವಾಗಿ ತಡವಾಗುತ್ತದೆ. ಪರೀಕ್ಷೆ ಹತ್ತಿರವಾದಾಗ ಬೆಳಗಿನ ಜಾವ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುವ ಶಿಕ್ಷಕರ ಕಾಳಜಿ ದೊಡ್ಡದು. ಆದರೆ ಹನ್ನೆರಡಕ್ಕೆ ಮಲಗಿದ ಮಗುವನ್ನು ನಾಲ್ಕೂವರೆಗೆ ಎಬ್ಬಿಸಿದರೆ ಆ ದಿನವಿಡೀ ಅದು ಮುಂದೂಡುತ್ತಲೇ ಇರುತ್ತದೆ. ದಣಿದ ಮನಸ್ಸಿಗೆ ಸೆಳೆತ ತಡೆಯುವ ಶಕ್ತಿಯಿರುವುದಿಲ್ಲ. ಬೇಕಿದ್ದರೆ ಆ ಫೋನನ್ನು ರಾತ್ರಿ ಹತ್ತಕ್ಕೆ ಮಾಡಿ, ಮಲಗು ಎಂದು ಹೇಳಲು.

ಪರೀಕ್ಷೆ ಕೆಟ್ಟಾಗ ಏನು ಹೇಳಬೇಕು? ಕಾರ್ಲ್‌ಟನ್‌ನಲ್ಲಿ ಮೈಕೆಲ್ ವೋಲ್, ಪಿಚಿಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಕ್ಷಮೆ ಎಂದರೆ ತೇಲಿಸಿಬಿಡುವುದಲ್ಲ. ಆದದ್ದನ್ನು ಒಪ್ಪಿ, ನಾಚಿಕೆಯನ್ನು ಅಲ್ಲಿಗೇ ಬಿಟ್ಟು, ಮುಂದಿನ ಸಣ್ಣ ಹೆಜ್ಜೆಗೆ ಹೋಗುವುದು. ಮನೆಯಲ್ಲಿ ‘ಇನ್ನೂ ಶುರು ಮಾಡಿಲ್ಲವಾ’ ಎಂಬ ಪ್ರಶ್ನೆಯ ಬದಲು ‘ಇದರಲ್ಲಿ ಯಾವುದು ಕಷ್ಟ ಅನಿಸುತ್ತಿದೆ’ ಎಂದು ಕೇಳಿ. ಉತ್ತರ ಬರಲು ಒಂದೆರಡು ನಿಮಿಷ ಹಿಡಿಯುತ್ತದೆ, ಕಾಯಿರಿ. ಈಗ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಲು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಎಡವಿದ ಮಗುವಿಗೆ ಅದು ಒಳ್ಳೆಯ ವ್ಯವಸ್ಥೆ. ಆದರೆ ‘ಒಂದು ಹೋದರೆ ಇನ್ನೊಂದಿದೆ’ ಎಂದು ಆಗಸ್ಟ್‌ನಲ್ಲೇ ಹೇಳುವುದು ಬೇಡ.

ಕೊನೆಯದಾಗಿ, ಮುಂದೂಡುತ್ತಿದೆ ಎಂದು ಕಾಣುವ ಮಗುವೆಲ್ಲ ಮುಂದೂಡುತ್ತಿರುವುದಿಲ್ಲ. ಬೋರ್ಡು ಮಸುಕಾಗಿ ಕಾಣುತ್ತಿರಬಹುದು. ಕಾರವಾರದ ಕಡೆ ಮನೆಯಲ್ಲಿ ಕೊಂಕಣಿ, ಹಳಿಯಾಳದ ಕಡೆ ಮರಾಠಿ ಆಡುವ ಮಗುವಿಗೆ ಪಠ್ಯದ ಕನ್ನಡವೇ ಗೋಡೆಯಾಗಿರಬಹುದು. ಅಕ್ಷರ ಓದುವುದರಲ್ಲೇ ಕಲಿಕಾ ತೊಂದರೆ ಇರಬಹುದು. ಚಿಕ್ಕಂದಿನಿಂದಲೂ ಎಲ್ಲ ಕಡೆಯೂ ಗಮನ ನಿಲ್ಲದಿದ್ದರೆ ಎಡಿಎಚ್‌ಡಿ ಎಂಬ ಗಮನ ಕೊರತೆಯ ತೊಂದರೆ ಇದೆಯೇ ಎಂದು ವೈದ್ಯರು ನೋಡಬೇಕು. ಎರಡು ವಾರಕ್ಕೂ ಹೆಚ್ಚು ಕಾಲ ಆಟ, ಗೆಳೆಯರು, ಊಟ ಯಾವುದೂ ಬೇಡವಾಗಿ, ನಿದ್ದೆ ಕೆಟ್ಟು, ‘ನಾನು ಇದ್ದೂ ಏನು’ ಎಂಬಂಥ ಮಾತು ಬಂದರೆ ಅದು ಓದಿನ ವಿಷಯವೇ ಅಲ್ಲ, ಆ ದಿನವೇ ಸಹಾಯ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆ ಪ್ರತಿ ತರಗತಿಯ ಗೋಡೆಯ ಮೇಲಿರಲಿ, ಮುಖ್ಯಾಧ್ಯಾಪಕರ ಕೊಠಡಿಯಲ್ಲಿ ಮಾತ್ರವಲ್ಲ.

ಉಪನಿರ್ದೇಶಕರಲ್ಲಿ ನಮ್ಮ ಬೇಡಿಕೆ ಇಷ್ಟು. ಮೊದಲ ರೂಪಣಾತ್ಮಕ ಮೌಲ್ಯಮಾಪನಕ್ಕೆ ಮುನ್ನ ಸುತ್ತೋಲೆ ಬರಲಿ: ಯೋಜನಾ ಕೆಲಸಕ್ಕೆ ಐದು ಹಂತ, ಕಚ್ಚಾ ಪ್ರತಿಗೆ ಅಂಕ, ವಾರಕ್ಕೆ ಎರಡೇ ಗಡುವು, ವಾಟ್ಸಾಪಿನಲ್ಲಿ ಮನೆಗೆಲಸ ಇಲ್ಲ. ಕುಮಟಾದ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಶಿಕ್ಷಕರಿಗೆ ನಡೆಸುವ ತರಬೇತಿಯಲ್ಲಿ ಒಂದು ಅವಧಿಯನ್ನು ಕೆಲಸ ತುಂಡು ಮಾಡಿಕೊಡುವ ಅಭ್ಯಾಸಕ್ಕೆ ಇಡಲಿ. ಉಪನ್ಯಾಸ ಬೇಡ, ಪ್ರತಿ ಶಿಕ್ಷಕರೂ ತಮ್ಮ ವಿಷಯದ ಒಂದು ಯೋಜನೆಯನ್ನು ಅಲ್ಲೇ ಕೂತು ಐದು ಹಂತಕ್ಕೆ ಒಡೆದು ಏಳಬೇಕು. ಪ್ರತಿ ಶಾಲೆ ಜುಲೈ ಕೊನೆಗೆ ಒಂದೇ ಒಂದು ಅಂಕಿ ಕಳಿಸಲಿ: ಎಷ್ಟು ಮಕ್ಕಳು ಮೊದಲ ಹಂತ ಮುಗಿಸಲಿಲ್ಲ. ಆ ಮಕ್ಕಳ ಹೆಸರು ಶಾಲೆಯಲ್ಲೇ ಇರಲಿ, ಪ್ರದರ್ಶನಕ್ಕೆ ಬೇಡ. ಆಗಸ್ಟ್ ಮೊದಲ ವಾರದಲ್ಲಿ ತರಗತಿ ಶಿಕ್ಷಕರು ಅವರಲ್ಲಿ ಒಬ್ಬೊಬ್ಬರ ಜೊತೆಗೂ ಹತ್ತು ನಿಮಿಷ ಕೂತು ಮೇಲೆ ಹೇಳಿದ ಆ ಪ್ರಶ್ನೆ ಕೇಳಲಿ, ಯಾವುದು ಕಷ್ಟ ಅನಿಸುತ್ತಿದೆ ಎಂದು.

ವಿಶ್ವಾಸದಿಂದ,
ಉತ್ತರ ಕನ್ನಡದ ಕೆಲವು ಶಿಕ್ಷಕರು ಮತ್ತು ಆಪ್ತ ಸಲಹೆಗಾರರು